ಸಣ್ಣಹಕ್ಕಿ ಬಾರದ ವರ್ಷದ ಕಿವಿಯಾಕ್

ಹೊಲಿಗೆ ಬಿಚ್ಚುವ ಅರ್ಧಚಂದ್ರದ ಚಾಕುವನ್ನು ಅತ್ತೆ ಅಮಾವುನಾ ತನ್ನತ್ತ ಚಾಚಿದಾಗ ಟುಕುಮ್ಮೆಕ್ ತಟ್ಟನೆ ಕೈ ನೀಡಲಿಲ್ಲ. ಕೊಟ್ಟ ಹಾಗೆ ಮಾಡಿ ಹಿಂದಕ್ಕೆ ಎಳೆದುಕೊಂಡು ನಗುತ್ತಾಳೇನೋ ಎಂದು ಅವಳಿಗೆ ಅನುಮಾನ. ಅವಳು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಹುಟ್ಟಿದ ಮಗಳು ಈಗ ಕಾನಾಕ್ ಪೇಟೆಯಲ್ಲಿ ಶಾಲೆ ಮುಗಿಸುತ್ತಿದ್ದಳು. ಅಷ್ಟು ವರ್ಷವೂ ಸೂರ್ಯ ಮರಳುವ ದಿನ ಕಡಲಪ್ರಾಣಿ ಸೀಲಿನ ಚರ್ಮದಲ್ಲಿ ಹಕ್ಕಿ ತುಂಬಿ ಹುದುಗಿಸಿದ ಕಿವಿಯಾಕಿನ ಹೊಲಿಗೆ ಬಿಚ್ಚಿದವಳು ಅಮಾವುನಾ ಒಬ್ಬಳೇ. ಉತ್ತರಧ್ರುವದ ಹತ್ತಿರದ ಕಂಗೆಕ್ ಊರಿನಲ್ಲಿ ಆ ಚಾಕು ಕೊಡುವುದೆಂದರೆ ಮನೆಯ ಯಜಮಾನಿಕೆಯನ್ನೇ ಕೈಗೆ ಒಪ್ಪಿಸಿದಂತೆ.

“ಹಿಡಿಯೇ. ನನ್ನ ಬೆರಳೆಲ್ಲ ಗಂಟುಗಂಟಾಗಿವೆ,” ಎಂದಳು ಅಮಾವುನಾ.

“ನಾನು ತುಂಬಿದ್ದಲ್ಲವಲ್ಲ ಅತ್ತೆ ಇದು. ಆಗ ನಾನು ಹಕ್ಕಿ ಕ್ಯಾಂಪಲ್ಲಿದ್ದೆ.”

“ತುಂಬಿದ್ದು ನಾನು, ಬಿಚ್ಚೋದು ನೀನು, ತಿನ್ನೋದು ಊರು. ಇದರಲ್ಲಿ ಲೆಕ್ಕಾಚಾರ ಏನಿದೆ?”

ಕೊಟ್ಟಿಗೆಯ ಮೂಲೆಯಲ್ಲಿ ಪೆಟ್ಟಿಗೆಯ ಮೇಲೆ ಕೂತಿದ್ದ ಪಾಡ್ಲೋಕ್ ನಕ್ಕ. ಅವನು ಅಮಾವುನಾಳ ಅಣ್ಣ, ಊರಿಗೇ ಹಿರಿಯ. ಮೊದಲ ಹಕ್ಕಿ ಅವನ ಬಾಯಿಗೆ ಬಿದ್ದ ಮೇಲೆಯೇ ಉಳಿದವರ ಕೈ ಚೀಲಕ್ಕೆ ಇಳಿಯುವುದು. ಬಾಗಿಲ ಬಳಿ ಟುಕುಮ್ಮೆಕ್‌ಳ ಗಂಡ ಉಸ್ಸಾಕ್, ಅವನ ಪಕ್ಕ ನೆರೆಮನೆಯ ಪೌಲಿನಾ ನಿಂತಿದ್ದರು. ಊರಿನ ಉಳಿದವರೆಲ್ಲ ಮಕ್ಕಳನ್ನು ಕಟ್ಟಿಕೊಂಡು ಗುಡ್ಡ ಹತ್ತಿದ್ದರು. ತಿಂಗಳುಗಟ್ಟಲೆ ಕಾಣದ ಸೂರ್ಯ ಕೊಲ್ಲಿಯ ಆಚೆ ತಲೆ ಎತ್ತುವ ಆ ನಡುಹಗಲಿನ ಗಳಿಗೆಯಲ್ಲಿ ಟೊಪ್ಪಿ, ಕೈಗವಸು ಎಲ್ಲ ಕಳಚಿ ಬರಿಗೈಯಲ್ಲಿ, ಬರಿತಲೆಯಲ್ಲಿ ನಿಲ್ಲಬೇಕು. ಬೆರಳು ಮರಗಟ್ಟಿ, ಹೊಟ್ಟೆ ಹಸಿದು ಅವರೆಲ್ಲ ಇನ್ನೇನು ಇಳಿದು ಬರುವವರಿದ್ದರು. ಬಂದವರಿಗೆ ಕಿವಿಯಾಕ್ ಬಿಚ್ಚಿಟ್ಟಿರಬೇಕು.

ಸೀಲಿನ ಇಡೀ ಚರ್ಮದ ಚೀಲ ಹಲಗೆಯ ಮೇಲೆ ಹೊಟ್ಟೆ ಉಬ್ಬಿಸಿಕೊಂಡು ಮಲಗಿತ್ತು. ಬೇಸಿಗೆಯಲ್ಲಿ ಕಲ್ಲುಗುಪ್ಪೆಯ ಅಡಿ ಸೇರಿದ್ದು ಮೊನ್ನೆ ತಾನೇ ಹೊರಬಂದು ಕೊಟ್ಟಿಗೆಯ ಸ್ಟವ್ ಬಿಸಿಗೆ ಕರಗಿ ಮೆತ್ತಗಾಗಿತ್ತು. ಟುಕುಮ್ಮೆಕ್ ಚಾಕು ತೆಗೆದುಕೊಂಡಳು. ಹೊಲಿಗೆಯ ಮೇಲೆ ಬಳಿದಿದ್ದ ಕೊಬ್ಬನ್ನು ಕೆರೆದು, ಒಂದೊಂದೇ ನೂಲು ಕತ್ತರಿಸಿದಳು. ಚರ್ಮ ಬಾಯಿ ಬಿಟ್ಟಿತು.

ಒಳ್ಳೆಯ ಕಿವಿಯಾಕಿನ ವಾಸನೆ ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಅದು ಕಣ್ಣಲ್ಲಿ ನೀರು ತರಿಸುತ್ತದೆ, ಮೂಗಿನ ತುದಿ ಕಚ್ಚುತ್ತದೆ, ಹಳೆಯ ಚೀಸಿನ ಹಾಗೆ ಖಾರವಾಗಿ ಏರಿ ಹೋಗುತ್ತದೆ, ಆಮೇಲೆ ಬಾಯಲ್ಲಿ ನೀರೂರಿಸುತ್ತದೆ. ಮೊದಲು ಬಂದದ್ದು ಅದೇ. ಅದರ ಬೆನ್ನಿಗೇ ಇನ್ನೊಂದು ಬಂತು. ಸಿಹಿಯಾದದ್ದು, ಬೆಚ್ಚಗಿನದ್ದು. ಮುಚ್ಚಿಟ್ಟ ಒದ್ದೆ ಬಟ್ಟೆಯದ್ದೋ, ಹುಣ್ಣಿನ ಪಟ್ಟಿ ಬಿಚ್ಚಿದಾಗಿನದ್ದೋ. ಅದು ಗಂಟಲಿಗೆ ನೇರ ಇಳಿದು ನಾಲಗೆಯ ಬುಡಕ್ಕೆ ಅಂಟಿಕೊಂಡಿತು. ಟುಕುಮ್ಮೆಕ್‌ಗೆ ಓಕರಿಕೆ ಒತ್ತರಿಸಿ ಬಂತು. ಮೊಣಕೈಯಿಂದ ಬಾಯಿ ಒತ್ತಿ ಹಿಡಿದು ಗೋಡೆಯ ಕಡೆ ತಿರುಗಿದಳು.

ಪೌಲಿನಾ ಕೇಕೆ ಹಾಕಿದಳು. “ಅಯ್ಯಯ್ಯೋ, ನೋಡ್ರೋ! ಲೆನಾಳ ಮೂಗು ಇವಳಿಗೆ ಬಂದ್ಬಿಟ್ಟಿದೆ!”

“ಬೇಸಿಗೆ ಪೂರ್ತಿ ಓಟ್ಸ್ ಗಂಜಿ ಕುಡಿದ್ರೆ ಇನ್ನೇನಾಗುತ್ತೆ?” ಎಂದ ಪಾಡ್ಲೋಕ್. “ಒಳಗೆಲ್ಲ ಬೆಳ್ಳಗಾಗಿರುತ್ತೆ. ಬಾ ಮಗಳೇ, ಒಂದು ಹಕ್ಕಿ ತಿಂದ್ರೆ ಕರುಳಿಗೆ ಬಣ್ಣ ಬರುತ್ತೆ.”

ಎಲ್ಲರೂ ನಕ್ಕರು. ಉಸ್ಸಾಕ್ ಕೂಡ ನಕ್ಕ. ಅಮಾವುನಾ ಮಾತ್ರ ನಗಲಿಲ್ಲ. ಆದರೆ ಅದು ಟುಕುಮ್ಮೆಕ್‌ಗೆ ಆಗ ಕಾಣಲಿಲ್ಲ. ಅವಳ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಹೌದೇ? ನನ್ನ ಮೂಗೇ ಕೆಟ್ಟಿದೆಯೇ?

ಲೆನಾ ಎಂದರೆ ಪ್ರತಿ ಬೇಸಿಗೆ ದಕ್ಷಿಣದಿಂದ ಬಂದು ಊರ ಮೇಲಿನ ಕಲ್ಲುಜಾರಿನಲ್ಲಿ, ಒಡೆದ ಕಲ್ಲು ರಾಶಿಬಿದ್ದ ಇಳಿಜಾರಿನಲ್ಲಿ, ಡೇರೆ ಹಾಕುವ ಹಕ್ಕಿ ಸಂಶೋಧಕಿ. ಅಪ್ಪಾಲಿಯಾರ್ಸುಕ್ ಎಂಬ ಮುಷ್ಟಿಗಾತ್ರದ ಕಪ್ಪುಬಿಳುಪು ಹಕ್ಕಿ ಅವಳ ಓದಿನ ವಸ್ತು. ಊರಿನವರು ಮುದ್ದಿಗೆ ಅದನ್ನು ಸಣ್ಣಹಕ್ಕಿ ಎನ್ನುತ್ತಾರೆ. ಅವು ಚಳಿಗಾಲವನ್ನು ಎಲ್ಲಿಯೋ ದೂರದ ಕಡಲಿನಲ್ಲಿ ಕಳೆದು, ಮೇ ತಿಂಗಳಲ್ಲಿ ಮೋಡ ಇಳಿದ ಹಾಗೆ ಕಲ್ಲುಜಾರಿಗೆ ಬಂದು ಬೀಳುತ್ತಿದ್ದವು. ಬಂಡೆಯ ಹಿಂದೆ ಕೂತು ಉದ್ದ ಕೋಲಿನ ಬಲೆ ಬೀಸಿದರೆ ಗಾಳಿಯಲ್ಲೇ ಸಿಗುತ್ತಿದ್ದವು. ಬಲೆ ಬೀಸುವುದರಲ್ಲಿ ಟುಕುಮ್ಮೆಕ್ ಕೈ ಚುರುಕು. ಅದಕ್ಕೇ ಲೆನಾ ಅವಳನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಳು. ಹಿಡಿದ ಹಕ್ಕಿಯ ಕಾಲಿಗೆ ಲೆನಾ ಅವರೆಕಾಳಿನಷ್ಟು ಸಣ್ಣ ಯಂತ್ರ ಕಟ್ಟಿ ಬಿಡುತ್ತಿದ್ದಳು. ಮರುವರ್ಷ ಅದೇ ಹಕ್ಕಿಯನ್ನು ಹಿಡಿದರೆ ಅದು ಎಲ್ಲೆಲ್ಲಿ ಅಲೆದು ಬಂತು ಎಂಬುದು ಆ ಕಾಳಿನಿಂದ ತಿಳಿಯುತ್ತಿತ್ತು.

ಅಷ್ಟಾಗಿದ್ದರೆ ಊರಿಗೇನೂ ತಕರಾರಿರಲಿಲ್ಲ. ಹೇಸಿಗೆಯಾಗುತ್ತಿದ್ದದ್ದು ಚಮಚದ ಕೆಲಸ. ಮರಿಗೆಂದು ಗಂಟಲ ಚೀಲದಲ್ಲಿ ಆಹಾರ ತುಂಬಿಕೊಂಡು ಬಂದ ತಾಯಿಹಕ್ಕಿಯನ್ನು ಹಿಡಿದು, ಕೊಕ್ಕು ತೆರೆದು, ಸಣ್ಣ ಚಮಚದಿಂದ ಆ ಆಹಾರವನ್ನೆಲ್ಲ ಕೆರೆದು ಸೀಸೆಗೆ ತುಂಬಬೇಕು. ಹಕ್ಕಿ ಏನು ತಿನ್ನುತ್ತಿದೆ, ಕಡಲು ಹೇಗೆ ಬದಲಾಗಿದೆ ಎಂದು ತಿಳಿಯಲು ಅದೇ ದಾರಿ ಎಂದು ಲೆನಾ ಹೇಳುತ್ತಿದ್ದಳು. ಟುಕುಮ್ಮೆಕ್ ಹಕ್ಕಿಯ ತಲೆ ಹಿಡಿಯುತ್ತಿದ್ದಳು. ಎದೆ ಬೆರಳ ಸಂದಿನಲ್ಲಿ ಡವಗುಟ್ಟುತ್ತಿತ್ತು. ಕೆಂಪು ಲೋಳೆ ಚಮಚಕ್ಕೆ ಬರುತ್ತಿತ್ತು. ಖಾಲಿ ಗಂಟಲಿನ ತಾಯಿಯನ್ನು ಗಾಳಿಗೆ ಎಸೆದರೆ ಅದು ಗೂಡಿಗೆ ಹೋಗದೆ ಮತ್ತೆ ಕಡಲ ಕಡೆಗೇ ಹಾರುತ್ತಿತ್ತು.

“ಥೂ, ಕೊಂದು ತಿನ್ನೋದಾದ್ರೆ ಕೊಂದು ತಿನ್ನಿ,” ಎಂದಿದ್ದಳು ಅಮಾವುನಾ. “ತಾಯಿ ಬಾಯಿಂದ ಕೂಸಿನ ತುತ್ತು ಕಸಿಯೋದು ಎಂಥಾ ಓದು? ನಿನ್ನ ಕೈ ತೊಳ್ಕೊಂಡು ಬಾ, ಆಮೇಲೆ ನನ್ನ ಪಾತ್ರೆ ಮುಟ್ಟು.”

ಟುಕುಮ್ಮೆಕ್ ಕೈ ತೊಳೆದುಕೊಂಡಿದ್ದಳು. ಅತ್ತೆ ಹೇಳಿದ್ದು ಸರಿ ಎಂದೂ ಅನ್ನಿಸಿತ್ತು, ಲೆನಾ ಹೇಳಿದ್ದು ಸರಿ ಎಂದೂ ಅನ್ನಿಸಿತ್ತು. ಅವಳ ಜಾಯಮಾನವೇ ಅಂಥದ್ದು. ಇಬ್ಬರು ಜಗಳವಾಡಿದರೆ ಇಬ್ಬರ ತಪ್ಪನ್ನೂ ತನ್ನ ತಲೆಗೇ ಕಟ್ಟಿಕೊಳ್ಳುವವಳು.

ಲೆನಾಳ ಮೇಲೂ ಅವಳಿಗೆ ಅಸಹ್ಯವಿತ್ತು. ಹಿಂದೊಮ್ಮೆ ಅಮಾವುನಾ ಪ್ರೀತಿಯಿಂದ ಉಳಿಸಿಟ್ಟಿದ್ದ ಕಿವಿಯಾಕಿನ ಹಕ್ಕಿಯೊಂದನ್ನು ಪುಕ್ಕ ಕಿತ್ತು, ಚರ್ಮ ಸುಲಿದು ಅವಳ ಮುಂದೆ ಹಿಡಿದಿದ್ದಳು. ಲೆನಾ ಕೊರಳವಸ್ತ್ರವನ್ನು ಮೂಗಿಗೆ ಒತ್ತಿಕೊಂಡು, ಬಿಳುಚಿ, ಬೇಡ ಬೇಡ ಎನ್ನುತ್ತ ಹಿಂದೆ ಸರಿದಿದ್ದಳು. ಆಮೇಲೆ ಅದರ ಫೋಟೋ ತೆಗೆದಿದ್ದಳು! ತಿನ್ನಲು ಬಾರದ ವಸ್ತುವಿನ ಫೋಟೋ ಬೇಕು. ಅಮಾವುನಾ ಆ ಹಕ್ಕಿಯನ್ನು ತಾನೇ ತಿಂದಿದ್ದಳು. ಅಂದಿನಿಂದ ಊರಿನಲ್ಲಿ ಯಾರಾದರೂ ಏನನ್ನಾದರೂ ಒಲ್ಲೆ ಎಂದರೆ ‘ಲೆನಾಳ ಮೂಗು’ ಎನ್ನುವುದು ರೂಢಿಯಾಯಿತು.

ಆದರೆ ಹೋದ ಬೇಸಿಗೆ ಕ್ಯಾಂಪಿನಿಂದ ಮನೆಗೆ ಬಂದ ದಿನ, ಬಾಗಿಲು ತೆರೆದೊಡನೆ ಬಡಿದ ಕೊಬ್ಬಿನ ವಾಸನೆಗೆ ಟುಕುಮ್ಮೆಕ್ ತನಗೆ ತಿಳಿಯದಂತೆಯೇ ಉಸಿರು ಬಿಗಿಹಿಡಿದಿದ್ದಳು. ಯಾರೂ ನೋಡಲಿಲ್ಲ. ಅವಳು ಮಾತ್ರ ಅದನ್ನು ಮರೆಯಲಿಲ್ಲ.

ಅದು ಸಣ್ಣಹಕ್ಕಿ ಕೈಕೊಟ್ಟ ಬೇಸಿಗೆ. ಮೇ ಕಳೆದರೂ ಕಲ್ಲುಜಾರು ಬೋಳಾಗಿಯೇ ಇತ್ತು. ಆಮೇಲೆ ಬಂದವು, ಬಂದವೂ ಕಡಿಮೆ. ಬಲೆಯಿಂದ ಬಿಡಿಸುವಾಗ ಎದೆಮೂಳೆ ಚಾಕುವಿನ ಅಲಗಿನ ಹಾಗೆ ಬೆರಳಿಗೆ ತಾಗುತ್ತಿತ್ತು. ಮೈಮೇಲೆ ಕೊಬ್ಬೇ ಇಲ್ಲ. ಚಮಚಕ್ಕೆ ಬರುತ್ತಿದ್ದ ಲೋಳೆಯೂ ಕೆಂಪಾಗಿರಲಿಲ್ಲ, ನೀರುನೀರಾಗಿತ್ತು. ಲೆನಾ ಶಾಲೆಯ ಕೋಣೆಯಲ್ಲಿ ಊರನ್ನು ಸೇರಿಸಿ ನಕ್ಷೆ ತೋರಿಸಿದಳು. ಕಡಲು ಬೆಚ್ಚಗಾಗಿದೆ, ಹಕ್ಕಿ ತಿನ್ನುವ ಕೊಬ್ಬಿನ ಕೆಂಪು ಹುಳು ತಣ್ಣೀರು ಹುಡುಕಿಕೊಂಡು ಉತ್ತರಕ್ಕೆ ಸರಿದಿದೆ, ಅದರ ಹಿಂದೆ ಹಕ್ಕಿಯೂ ಸರಿಯುತ್ತಿದೆ ಎಂದಳು. ಹಿಮನದಿಯ ಆಚೆಯ ಬಂಡೆಗಳಿಗೆ, ದೋಣಿ ಹೋಗಲಾರದ ಜಾಗಕ್ಕೆ.

“ನೀವು ಕಾಲಿಗೆ ಕಬ್ಬಿಣ ಕಟ್ಟಿ ಕಟ್ಟಿ ಓಡಿಸಿದ್ರಿ,” ಎಂದು ಪೌಲಿನಾ ಎದ್ದು ನಿಂತು ಹೇಳಿದ್ದಳು. ಲೆನಾಳ ಕಣ್ಣಲ್ಲಿ ನೀರು ಬಂದಿತ್ತು. ಟುಕುಮ್ಮೆಕ್ ನೆಲ ನೋಡುತ್ತ ಕೂತಿದ್ದಳು. ಪೌಲಿನಾ ಹೇಳಿದ್ದು ಸುಳ್ಳು ಎಂದು ಗೊತ್ತಿದ್ದೂ, ತಾನು ಹಿಡಿದು ಕೊಟ್ಟ ಒಂದೊಂದು ಹಕ್ಕಿಯ ಕಾಲೂ ಅವಳ ಕಣ್ಣಮುಂದೆ ಬಂದಿತ್ತು.

ಆ ವರ್ಷ ಯಾರ ಮನೆಯಲ್ಲೂ ಚೀಲ ತುಂಬಲಿಲ್ಲ. ಸಾರಿಗೆ ಆಗುವಷ್ಟು ಹಕ್ಕಿ ಸಿಕ್ಕಿತು, ಅಷ್ಟೇ. ಅಮಾವುನಾ ಮಾತ್ರ ಕಲ್ಲುಗುಪ್ಪೆಯ ಅಡಿ ಒಂದು ಚೀಲ ಇಟ್ಟಿದ್ದಾಳೆ ಎಂದು ಸುದ್ದಿಯಾದಾಗ ಊರು ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ಅವಳ ಕೈಯೇ ಕೈ ಎಂದಿತು.

ಈಗ ಆ ಚೀಲ ಟುಕುಮ್ಮೆಕ್‌ಳ ಮುಂದೆ ಬಾಯಿ ಬಿಟ್ಟುಕೊಂಡಿತ್ತು.

“ಏನೇ, ಕೈ ಹಾಕ್ತೀಯೋ, ಇಲ್ಲ ಕೊರಳವಸ್ತ್ರ ತರಿಸ್ಲೋ?” ಎಂದಳು ಪೌಲಿನಾ.

ಟುಕುಮ್ಮೆಕ್ ಉಸಿರು ಹಿಡಿದು ಕೈ ಒಳಗಿಟ್ಟಳು. ಮೇಲೆ ಸಿಕ್ಕಿದ್ದು ಸಣ್ಣಹಕ್ಕಿಗಳೇ. ಒಂದನ್ನು ತೆಗೆದು ಪಾಡ್ಲೋಕನ ಮುಂದಿನ ತಟ್ಟೆಗಿಟ್ಟಳು. ಎರಡನೆಯ ಸಲ ಕೈ ಇನ್ನೂ ಆಳಕ್ಕೆ ಹೋಯಿತು. ಅಲ್ಲಿ ಬೆಚ್ಚಗೆ, ಜಾರುಜಾರಾಗಿ, ದೊಡ್ಡದೊಂದು ಮೈ. ಮುಷ್ಟಿಗೆ ಸಿಗಲಿಲ್ಲ. ಎರಡೂ ಕೈಯಿಂದ ಎಳೆದಳು. ಪುಕ್ಕ ಕಿತ್ತು ಬೆರಳಿಗೆ ಮೆತ್ತಿಕೊಂಡಿತು. ಚಪ್ಪಟೆ ಕೊಕ್ಕಿನ ತಲೆಯೊಂದು ಹೊರಬಂದು ಹಲಗೆಯ ಅಂಚಿನಿಂದ ಇಳಿಬಿದ್ದಿತು. ಕಡಲಬಾತು. ಹೊಟ್ಟೆಯ ಬಳಿ ಗುಂಡಿನ ತೂತುಗಳು. ಅದರಿಂದ ಬೂದುಬಣ್ಣದ ನೀರು ಜಿನುಗಿ ಹಲಗೆಯ ಮೇಲೆ ನೊರೆಗಟ್ಟಿತು.

ಉಸ್ಸಾಕ್ ಬಾಗಿಲು ಬಿಟ್ಟು ಹಲಗೆಯ ಹತ್ತಿರ ಬಂದ.

“ಅಮ್ಮಾ,” ಎಂದ ಉಸ್ಸಾಕ್. “ನಾನು ಹೊಡೆದು ತಂದ ಬಾತು ಅಲ್ವಾ ಅದು? ಸಾರು ಮಾಡಿ ಹಂಚಿದೆ ಅಂದಿದ್ದೆ ನೀನು.”

“ಒಂದೆರಡನ್ನ ಹಂಚಿದೆ. ಉಳಿದದ್ದನ್ನ ನಡುವೆ ಇಟ್ಟೆ. ಚೀಲ ಅರ್ಧ ಖಾಲಿ ಬಿಟ್ಟು ಹೊಲೀಲಾ? ಬಾತೂ ಹಕ್ಕೀನೇ ತಾನೆ,” ಎಂದಳು ಅಮಾವುನಾ. ಅವಳ ದನಿ ಗಟ್ಟಿಯಾಗಿಯೇ ಇತ್ತು.

ಬಾತು ಕಿವಿಯಾಕಿಗೆ ಸಲ್ಲದು ಎಂಬುದು ಊರಿನ ಮಕ್ಕಳಿಗೂ ಗೊತ್ತು. ಸಣ್ಣಹಕ್ಕಿಯನ್ನು ಬಲೆಯಲ್ಲಿ ಹಿಡಿದು, ಎದೆ ಒತ್ತಿ, ಮೈಗೆ ಗಾಯವಾಗದಂತೆ ಕೊಂದು, ತಣಿಸಿ ತುಂಬುತ್ತಾರೆ. ಅದರ ಮೈಯ ಕೊಬ್ಬೇ ಅದನ್ನು ಹದಗೊಳಿಸುತ್ತದೆ. ಬಾತಿನ ಪುಕ್ಕದಲ್ಲಿ ಗಾಳಿ ನಿಲ್ಲುತ್ತದೆ, ಬಿಸಿ ನಿಲ್ಲುತ್ತದೆ. ಗುಂಡು ಬಿದ್ದರೆ ಕರುಳು ಒಡೆದು ಒಳಗೇ ಹರಡುತ್ತದೆ. ಹಳಬರ ಕಾಲದಲ್ಲಿ ಇಂಥ ಚೀಲ ತಿಂದ ಒಂದು ಸಂಸಾರದಲ್ಲಿ ಮೊದಲು ಕಣ್ಣರೆಪ್ಪೆ ಇಳಿಬಿದ್ದು, ಆಮೇಲೆ ನಾಲಗೆ ಮರಗಟ್ಟಿ, ಕಡೆಗೆ ಉಸಿರೇ ನಿಂತುಹೋಯಿತಂತೆ. ಅದನ್ನು ಮಕ್ಕಳಿಗೆ ಕತೆ ಹೇಳಿದ ಹಾಗೆ ಹೇಳುತ್ತಿದ್ದವಳು ಅಮಾವುನಾಳೇ.

ಈಗ ಯಾರೂ ಆ ಕತೆ ಎತ್ತಲಿಲ್ಲ. ಹಿರಿಯರ ಕೈ ಅಡುಗೆಯನ್ನು ಅವರ ಎದುರಿಗೇ ಕೆಟ್ಟಿದೆ ಎನ್ನುವುದು ಆ ಊರಿನಲ್ಲಿ ಮುಖಕ್ಕೆ ಉಗಿದ ಹಾಗೆ. ಒಂದು ತುತ್ತಾದರೂ ತಿಂದು ಏಳಬೇಕು. ಪಾಡ್ಲೋಕ್ ತಂಗಿಯ ಮುಖ ನೋಡಿದ, ಬಾತಿನ ಮುಖ ನೋಡಿದ.

“ಅಮಾವುನಾ ಹೊಲಿದ ಚೀಲ ಇವತ್ತಿನವರೆಗೂ ಕೆಟ್ಟಿಲ್ಲ,” ಎಂದು ತಟ್ಟೆಯಲ್ಲಿದ್ದ ಸಣ್ಣಹಕ್ಕಿಯನ್ನು ಕೈಗೆತ್ತಿಕೊಂಡು ಅದರ ಪುಕ್ಕ ಕೀಳತೊಡಗಿದ. “ಬಾತನ್ನ ಪಕ್ಕಕ್ಕಿಡು. ಇದನ್ನ ತಿನ್ನೋಣ.”

ಆ ಸಣ್ಣಹಕ್ಕಿ ಇಷ್ಟು ದಿನ ಅದೇ ಬಾತಿನ ನೀರಿನಲ್ಲಿ ನೆನೆದಿತ್ತು.

ಗುಡ್ಡದ ಕಡೆಯಿಂದ ಮಕ್ಕಳ ಕೂಗು ಕೇಳಿಸಿತು. ಜನ ಇಳಿಯುತ್ತಿದ್ದರು. ನಾಯಿಗಳು ಬೊಗಳತೊಡಗಿದವು.

“ಅತ್ತೆ,” ಎಂದಳು ಟುಕುಮ್ಮೆಕ್. “ಇವತ್ತು ಬೇಡವಾ? ತಿಮಿಂಗಿಲದ ಮತ್ತಾಕ್ ಇದೆ, ಮೀನಿದೆ...”

“ಇದು ಯಾರ ಮೂಗು ಹೇಳ್ತಿರೋದು?” ಎಂದಳು ಅಮಾವುನಾ.

ಟುಕುಮ್ಮೆಕ್ ಬೇಕೆಂದೇ ಚೀಲದ ಮೇಲೆ ಬಗ್ಗಿ ಇನ್ನೊಮ್ಮೆ ಮೂಸಿದಳು. ಈ ಸಲ ಹೊಟ್ಟೆಯಲ್ಲಿದ್ದ ಕಾಫಿ ಬಾಯವರೆಗೆ ಬಂದು ಹೋಯಿತು. ಕೆಟ್ಟದ್ದೇ ಇದು, ಎಂದಿತು ಮನಸ್ಸು. ಮರುಗಳಿಗೆಗೆ ಅದೇ ಮನಸ್ಸು, ಲೆನಾಳಿಗೂ ಹೀಗೇ ಅನ್ನಿಸಿತ್ತಲ್ಲ, ಅದು ಒಳ್ಳೆಯ ಹಕ್ಕಿಯಾಗಿತ್ತಲ್ಲ, ಎಂದಿತು. ತನ್ನ ಅಸಹ್ಯ ತನ್ನದೋ ಎರವಲಿನದೋ ಎಂದು ತಿಳಿಯದೆ ಅವಳು ನಿಂತಿದ್ದಳು. ಪಾಡ್ಲೋಕ್ ಪುಕ್ಕ ಕಿತ್ತು ಮುಗಿಸಿ, ಹಕ್ಕಿಯ ತೊಡೆಯ ಚರ್ಮಕ್ಕೆ ಹಲ್ಲು ಇಡುವ ಮುಂಚೆ ರೂಢಿಯಂತೆ ತಂಗಿಯ ಕಡೆ ತಲೆಯಾಡಿಸಿದ.

ಮೂಗು ಯಾರದ್ದಾದರೂ ಆಗಲಿ ಎನ್ನಿಸಿತು ಅವಳಿಗೆ. ಅನುಮಾನವಂತೂ ನನ್ನದೇ.

ಸ್ಟವ್ ಪಕ್ಕದಲ್ಲಿ ಸೀಮೆಎಣ್ಣೆಯ ಡಬ್ಬವಿತ್ತು. ಅವಳು ಮುಚ್ಚಳ ತಿರುಗಿಸಿ ಎಸೆದು, ಡಬ್ಬವನ್ನು ಎರಡು ಕೈಯಲ್ಲಿ ಎತ್ತಿ, ಮೊದಲು ಪಾಡ್ಲೋಕನ ತಟ್ಟೆಗೆ, ಅವನ ಕೈಗೆ, ಕೈಯಲ್ಲಿದ್ದ ಹಕ್ಕಿಗೆ, ಆಮೇಲೆ ಚೀಲದ ಬಾಯೊಳಕ್ಕೆ ಗಳಗಳನೆ ಸುರಿದಳು. ಎಣ್ಣೆ ಹಲಗೆಯಿಂದ ಇಳಿದು ಅವಳ ಚರ್ಮದ ಬೂಟಿನ ಮೇಲೆ ಬಿತ್ತು. ಡಬ್ಬ ಖಾಲಿಯಾಗುವವರೆಗೂ ಬಿಡಲಿಲ್ಲ.

ಮೊದಲು ಬಾಯಿಬಿಟ್ಟವಳು ಪೌಲಿನಾ. “ಛೀ! ಛೀ! ತಿನ್ನೋ ವಸ್ತುವಿಗೆ ಎಣ್ಣೆ ಸುರೀತಾಳಲ್ಲ! ಹುಚ್ಚು ಹಿಡೀತಾ ನಿಂಗೆ? ಊರಿಗೆಲ್ಲ ಇದ್ದದ್ದು ಒಂದೇ ಒಂದು ಚೀಲ ಕಣೇ!”

“ಕೆಟ್ಟಿತ್ತು,” ಎಂದಳು ಟುಕುಮ್ಮೆಕ್.

“ಯಾರು ಹೇಳಿದ್ದು ಕೆಟ್ಟಿತ್ತು ಅಂತ? ನಾವ್ಯಾರೂ ತಿನ್ನಲೇ ಇಲ್ಲವಲ್ಲ!”

ಪಾಡ್ಲೋಕ್ ಎಣ್ಣೆಯಾದ ಕೈಯನ್ನು ಎದುರಿಗೆ ಹಿಡಿದು, ಅದು ಯಾರದೋ ಕೈ ಎನ್ನುವ ಹಾಗೆ ನೋಡಿ, ಗೋಣಿಗೆ ಒರೆಸಿಕೊಂಡು, ಎದ್ದು ಅವಳ ಪಕ್ಕದಿಂದಲೇ ಹೊರಗೆ ನಡೆದ. ಬೈದಿದ್ದರೆ ಚೆನ್ನಾಗಿತ್ತು. ಬಾಗಿಲಲ್ಲಿ ಅಷ್ಟರಲ್ಲಿ ಗುಡ್ಡದಿಂದ ಇಳಿದವರ ತಲೆಗಳು ಕಾಣಿಸಿಕೊಂಡವು. ಒಳಗಿನ ವಾಸನೆಗೆ ಮಕ್ಕಳು ಮೂಗು ಹಿಡಿದುಕೊಂಡು ಕಿಲಕಿಲ ನಕ್ಕರು. ದೊಡ್ಡವರು ನಗಲಿಲ್ಲ. ಉಸ್ಸಾಕ್ ಹೆಂಡತಿಯ ಹತ್ತಿರ ಬಂದು ಮೆಲ್ಲಗೆ, “ನಂಗೊಂದು ಮಾತು ಹೇಳಬಾರದಿತ್ತಾ?” ಎಂದ. ಹೇಳಿದ್ದರೆ ನೀನೇನು ಮಾಡುತ್ತಿದ್ದೆ, ಎಂದು ಅವಳು ಕೇಳಲಿಲ್ಲ. ನಕ್ಕವರಲ್ಲಿ ಅವನೂ ಒಬ್ಬ.

“ನಾಯಿ ಬಾಯಿ ಹಾಕೋಕೆ ಮುಂಚೆ ಇದನ್ನ ಕಡಲಿಗೆ ಹಾಕ್ಬೇಕು,” ಎಂದಳು ಅಮಾವುನಾ. “ನೀನು ಬಾ. ಬೇರೆ ಯಾರೂ ಬೇಡ.”

ಇಬ್ಬರೂ ಚೀಲವನ್ನು ಸಣ್ಣ ಜಾರುಬಂಡಿಗೆ ಹಾಕಿ, ಹಗ್ಗವನ್ನು ಹೆಗಲಿಗೆ ಕೊಟ್ಟು ಎಳೆದರು. ದಡದಲ್ಲಿ ಭರತ ಇಳಿತಕ್ಕೆ ಮಂಜುಗಡ್ಡೆ ಒಡೆದು ಕಪ್ಪು ನೀರು ಕಾಣುವ ಬಿರುಕೊಂದಿತ್ತು. ಅಲ್ಲಿ ಬಂಡಿ ನಿಲ್ಲಿಸಿದರು. ಬಾನಂಚಿನಲ್ಲಿ ಸೂರ್ಯನ ಒಂದು ಚೂರು ಕೊಲ್ಲಿಯ ಆಚೆ ಕಂಡು ಹಾಗೇ ಇಳಿಯುತ್ತಿತ್ತು. ಟುಕುಮ್ಮೆಕ್ ಟೊಪ್ಪಿ ತೆಗೆಯಲಿಲ್ಲ. ಕೈಗೆ ಮೆತ್ತಿದ ಪುಕ್ಕವನ್ನು ಮಂಜಿಗೆ ಉಜ್ಜುತ್ತಿದ್ದಳು. ಅದು ಹೋಗುತ್ತಿರಲಿಲ್ಲ.

“ಕಲ್ಲಿನ ಅಡಿಯಿಂದ ತೆಗೆದಾಗಲೇ ಹೊಲಿಗೆ ಉಬ್ಬಿತ್ತು,” ಎಂದಳು ಅಮಾವುನಾ.

ಟುಕುಮ್ಮೆಕ್ ಉಜ್ಜುವುದನ್ನು ನಿಲ್ಲಿಸಿದಳು.

“ಮೂಸಿದೆ. ಗೊತ್ತಾಯ್ತು. ಬಾತು ಇಟ್ಟಾಗಲೇ ಗೊತ್ತಿತ್ತು ಅನ್ನು. ಸಣ್ಣಹಕ್ಕೀಲೂ ಕೊಬ್ಬಿರಲಿಲ್ಲ ಆ ವರ್ಷ, ಮೂಳೆ ತುಂಬಿದ ಹಾಗೆ ತುಂಬಿದೆ.”

“ಗೊತ್ತಿದ್ದೂ ಹಲಗೆ ಮೇಲಿಟ್ರಾ?”

“ಊರೆಲ್ಲ ಸೂರ್ಯ ಬರೋದಕ್ಕಿಂತ ಜಾಸ್ತಿ ನನ್ನ ಚೀಲಕ್ಕೆ ಕಾದಿತ್ತು ಕಣೇ. ನನ್ನಮ್ಮನ ಕಾಲದಿಂದ ಈ ದಿನ ನಮ್ಮ ಮನೆ ಚೀಲ ಇಲ್ಲದೆ ಕಳೆದಿಲ್ಲ. ಇಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?”

ಟುಕುಮ್ಮೆಕ್‌ಗೆ ಆಗ ಇನ್ನೊಂದು ಹೊಳೆಯಿತು. “ಅದಕ್ಕೇ ಚಾಕು ನನ್ನ ಕೈಗೆ ಕೊಟ್ರಾ?”

ಮುದುಕಿ ಬಿರುಕಿನ ನೀರು ನೋಡುತ್ತಿದ್ದಳು. “ನಿನಗೆ ವಾಸನೆ ಹತ್ತುತ್ತೆ ಅಂತ ಗೊತ್ತಿತ್ತು. ನೀನು ಅಲ್ಲಿದ್ದು ಬಂದವಳು. ಏನಾದ್ರೂ ಮಾಡ್ತೀಯ ಅಂದ್ಕೊಂಡೆ. ನೀನು ಬೇಡ ಅಂದ್ರೆ ಅವರ ಕಣ್ಣಲ್ಲಿ ಅದು ನಿನ್ನ ಮೂಗಿನ ತಪ್ಪು. ನನ್ನ ಕೈಯ ತಪ್ಪಲ್ಲ.”

“ನಾನು ಹೆದರಿ ಸುಮ್ಮನೆ ಇದ್ದುಬಿಟ್ಟಿದ್ರೆ? ಪಾಡ್ಲೋಕ್ ಮಾವ ಬಾಯಿಗೆ ಇಟ್ಕೊಂಡುಬಿಟ್ಟಿದ್ರೆ? ಆ ಮಕ್ಕಳು?”

ಅಮಾವುನಾ ಉತ್ತರ ಕೊಡಲು ಹೊರಟವಳ ಹಾಗೆ ಬಾಯಿ ತೆರೆದು, ಹಾಗೇ ಮೊಣಕಾಲೂರಿ, ಮಂಜಿನ ಮೇಲೆ ವಾಂತಿ ಮಾಡಿಕೊಂಡಳು. ಕೊಳೆತ ಸೀಲನ್ನೂ ಕಣ್ಣು ಮಿಟುಕಿಸದೆ ಕೊಯ್ಯುತ್ತಿದ್ದ ಅತ್ತೆ ಹೀಗೆ ಓಕರಿಸಿದ್ದನ್ನು ಸೊಸೆ ಎಂದೂ ಕಂಡಿರಲಿಲ್ಲ. ಬೆನ್ನು ಸವರಬೇಕು ಎನ್ನಿಸಿತು. ಕೈ ಮುಂದೆ ಹೋಗಲಿಲ್ಲ. ಚಮಚದಿಂದ ಗಂಟಲು ಕೆರೆಯುವ ಲೆನಾಳನ್ನು ಕಂಡಾಗ ಆಗುತ್ತಿದ್ದ ಹೇಸಿಗೆ ಇದರ ಮುಂದೆ ಏನೂ ಅಲ್ಲ. ಲೆನಾ ಹಕ್ಕಿಯ ಗಂಟಲಿಗೆ ಕೈ ಹಾಕಿದ್ದಳು. ಇವಳು ತನ್ನವರೆಲ್ಲರ ಗಂಟಲಿಗೆ ಕೈ ಹಾಕಿದ್ದಳು, ಅದೂ ಸೊಸೆಯ ಕೈಯನ್ನೇ ಚಮಚ ಮಾಡಿಕೊಂಡು.

ಚೀಲವನ್ನು ಟುಕುಮ್ಮೆಕ್ ಒಬ್ಬಳೇ ನೀರಿಗೆ ತಳ್ಳಿದಳು. ಅದು ಒಂದು ಗಳಿಗೆ ತೇಲಿತು, ಒಳಗಿನ ಗಾಳಿ ಬುಳುಬುಳು ಎಂದು ಹೊರಬಂತು, ಆಮೇಲೆ ಮುಳುಗಿತು. ನೀರಿನ ಮೇಲೆ ಎಣ್ಣೆಯ ಬಣ್ಣಗಳು ಉಳಿದವು.

“ಟುಕು,” ಎಂದಳು ಅಮಾವುನಾ ಬಾಯಿ ಒರೆಸಿಕೊಳ್ಳುತ್ತ. “ಬಾತು ಇಟ್ಟಿದ್ದನ್ನ ಎಲ್ಲರೂ ನೋಡಿದ್ರು. ಅದಿರಲಿ. ಕೆಟ್ಟಿದ್ದು ನಂಗೆ ಗೊತ್ತಿತ್ತು ಅನ್ನೋದು ಮಾತ್ರ... ನಾನಿನ್ನು ಎಷ್ಟು ದಿನ ಇರ್ತೀನಿ? ನನ್ನ ಕೈಯಿಂದ ಒಂದು ತುತ್ತು ಯಾರೂ ತಿನ್ನದ ಹಾಗೆ ಮಾಡ್ಬೇಡ.”

ಟುಕುಮ್ಮೆಕ್ ಕೈಗೆ ಹಗ್ಗ ಸುತ್ತಿ, ಖಾಲಿ ಬಂಡಿ ಎಳೆದುಕೊಂಡು ಮುಂದೆ ನಡೆದಳು.

ಮನೆಯೊಳಗೆ ಊರೇ ಸೇರಿತ್ತು. ಕಾಫಿ, ಒಣದ್ರಾಕ್ಷಿ ಹಾಕಿದ ಕೇಕು, ತಿಮಿಂಗಿಲದ ಎಳೆ ಚರ್ಮದ ಮತ್ತಾಕ್, ಬೇಯಿಸಿದ ಸೀಲ್ ಮಾಂಸ. ಅವಳು ಒಳಗೆ ಬಂದಾಗ ಮಾತು ನಿಂತು, ಮತ್ತೆ ಬೇರೆ ಕಡೆಯಿಂದ ಶುರುವಾಯಿತು. ಬೆಂಚಿನ ಮೇಲೆ ಕೂತರೆ ಪಕ್ಕದವರು ಸ್ವಲ್ಪ ಸರಿದರು. ಜಾಗ ಕೊಡಲು ಸರಿದದ್ದೋ, ಎಣ್ಣೆ ವಾಸನೆಗೆ ಸರಿದದ್ದೋ ಹೇಳಲಾಗುವುದಿಲ್ಲ.

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಸೂರ್ಯ ಬಂದ ದಿನದ ಶುಭಾಶಯ ಹೇಳಲು ಲೆನಾ ಮಾಡಿದ್ದಳು. ಪೌಲಿನಾ ಕತ್ತು ಚಾಚಿ ಹೆಸರು ನೋಡಿ, “ಅಗೋ, ಮೂಗಿನ ಒಡತಿ!” ಎಂದಳು. ಒಲೆಯ ಬಳಿ ಇದ್ದವರು ನಕ್ಕರು. ಟುಕುಮ್ಮೆಕ್ ಎದ್ದು ಬಾಗಿಲ ಸಂದಿಗೆ ಹೋಗಿ, ನಡೆದದ್ದನ್ನು ಎರಡು ಮಾತಿನಲ್ಲಿ ಹೇಳಿದಳು. ಯಾರಿಗಾದರೂ ಹೇಳಬೇಕಾಗಿತ್ತು.

“ಅಯ್ಯೋ ದೇವರೇ, ಯಾರೂ ತಿಂದಿಲ್ಲ ತಾನೆ?” ಎಂದಳು ಲೆನಾ. ಅದನ್ನು ಅವಳು ನಿಜವಾಗಿಯೂ ಗಾಬರಿಯಿಂದಲೇ ಕೇಳಿದಳು. ತಿಂದಿಲ್ಲ ಎಂದ ಮೇಲೆ, “ಟುಕುಮ್ಮೆಕ್, ಅದರಲ್ಲಿ ಚೂರೇನಾದರೂ ತೆಗೆದಿಟ್ಟಿದ್ದೀಯಾ? ಒಂದು ಸೀಸೆಯಷ್ಟಾದರೂ? ಹಕ್ಕಿ ದಾರಿ ಬದಲಿಸಿದ್ದಕ್ಕೆ ಜನ ಊಟ ಬದಲಿಸ್ತಾ ಇದ್ದಾರೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ? ಬಾತು ಎಷ್ಟಿತ್ತು, ಸಣ್ಣಹಕ್ಕಿ ಎಷ್ಟಿತ್ತು, ನೆನಪಿದೆಯಾ?” ಎಂದಳು.

ಟುಕುಮ್ಮೆಕ್ ಫೋನನ್ನು ಕಿವಿಯಿಂದ ದೂರ ಹಿಡಿದು ನೋಡಿದಳು. ಅದರೊಳಗಿನ ದನಿ ಇನ್ನೂ ಕೇಳುತ್ತಲೇ ಇತ್ತು. ಗುಂಡಿ ಒತ್ತಿ ಅದನ್ನು ಬಾಯಿ ಮುಚ್ಚಿಸಿದಳು.

ಒಳಗೆ ಬರುವಷ್ಟರಲ್ಲಿ ಅಮಾವುನಾ ಬಟ್ಟೆ ಬದಲಿಸಿ, ತಲೆ ಬಾಚಿ, ಹೊಸ ಮಣಿಯ ಕಾಲರು ತೊಟ್ಟು ಮೇಜಿನ ತುದಿಯಲ್ಲಿ ಕೂತಿದ್ದಳು. ಪಾಡ್ಲೋಕ್ ಅವಳ ಪಕ್ಕದಲ್ಲಿದ್ದ. ಕೈ ತೊಳೆದು ತೊಳೆದು ಕೆಂಪಾಗಿತ್ತು.

“ಎಲ್ಲರೂ ಕೇಳಿ,” ಎಂದಳು ಅಮಾವುನಾ. “ಬಾತು ಇಟ್ಟಿದ್ದು ನನ್ನ ತಪ್ಪು. ನಾಲಗೆ ಚಪಲ ಅನ್ನಿ, ಹಟ ಅನ್ನಿ. ಆದ್ರೆ ಹುಡುಗಿ ಮೇಲೆ ಯಾರೂ ಸಿಟ್ಟು ಇಟ್ಕೋಬೇಡಿ. ಅವಳು ಆ ಕ್ಯಾಂಪಲ್ಲಿದ್ದು ಇದ್ದು ಮೂಗು ಕೆಡಿಸ್ಕೊಂಡಿದ್ದಾಳೆ, ಪಾಪ. ಒಳ್ಳೇದು ಯಾವುದು ಕೆಟ್ಟದ್ದು ಯಾವುದು ತಿಳಿಯಲ್ಲ. ನಾನು ಕ್ಷಮಿಸಿದೀನಿ. ನೀವೂ ಬಿಟ್ಬಿಡಿ.”

“ಅಮಾವುನಾಳದು ದೊಡ್ಡ ಮನಸ್ಸಪ್ಪ,” ಎಂದ ಯಾರೋ. ಹೌದೌದು ಎಂದರು ಹಲವರು. ಪೌಲಿನಾ ಕಣ್ಣೊರೆಸಿಕೊಂಡಳು. ಉಸ್ಸಾಕ್ ಹೆಂಡತಿಯ ಕಡೆ ನೋಡಿ, ಎಲ್ಲ ಸರಿಹೋಯಿತಲ್ಲ ಎನ್ನುವ ಹಾಗೆ ಹಗುರಾಗಿ ನಕ್ಕ.

ಟುಕುಮ್ಮೆಕ್‌ಳ ಬಾಯಿಗೆ ಮಾತು ಬಂತು. ಇಡೀ ಮಾತು, ಉಬ್ಬಿದ ಹೊಲಿಗೆಯಿಂದ ಹಿಡಿದು ದಡದ ವಾಂತಿಯವರೆಗೆ, ಒಂದೇ ಉಸಿರಿಗೆ ಹೇಳಿಬಿಡಬಹುದಾದ ಮಾತು. ಅವಳು ಪಾಡ್ಲೋಕನನ್ನು ನೋಡಿದಳು. ಅವನು ಬದುಕಿದ್ದ, ಕೇಕಿನ ಚೂರು ಗಡ್ಡಕ್ಕೆ ಅಂಟಿಸಿಕೊಂಡು ಅಗಿಯುತ್ತಿದ್ದ. ನೆಲದ ಮೇಲೆ ಮಕ್ಕಳು ಕೂತು ಸೀಲಿನ ಪಕ್ಕೆಲುಬು ಚೀಪುತ್ತಿದ್ದರು. ಅತ್ತೆಯ ಗಂಟುಬೆರಳುಗಳು ಮೇಜಿನ ಅಂಚನ್ನು ಹಿಡಿದಿದ್ದವು. ಹೇಳಿದರೆ ಆ ಬೆರಳು ಮುಟ್ಟಿದ ಯಾವುದನ್ನೂ ನಾಳೆಯಿಂದ ಈ ಊರು ಮುಟ್ಟುವುದಿಲ್ಲ. ಹೇಳದಿದ್ದರೆ ತಾನು ಬದುಕಿರುವವರೆಗೂ ಒಳ್ಳೆಯ ಚೀಲಕ್ಕೆ ಎಣ್ಣೆ ಸುರಿದವಳು.

ಬಂದ ಮಾತನ್ನು ಅವಳು ನುಂಗಿದಳು. ಅದೂ ವಾಂತಿಯ ಹಾಗೆಯೇ ಇತ್ತು, ಮೇಲೆ ಬಂದದ್ದು ಮತ್ತೆ ಕೆಳಗೆ ಇಳಿಯುವಾಗ ಗಂಟಲು ಸುಡುತ್ತದಲ್ಲ, ಹಾಗೆ.

ಅಮಾವುನಾ ಮತ್ತಾಕಿನ ಒಂದು ದಪ್ಪ ತುಂಡನ್ನು ಕೊಯ್ದು, ಎಲ್ಲರೂ ನೋಡುತ್ತಿದ್ದಂತೆಯೇ ತನ್ನ ಕೈಯಾರೆ ಸೊಸೆಯ ತಟ್ಟೆಗೆ ಇಟ್ಟಳು.

“ತಿನ್ನು ಮಗಳೇ. ಇದಂತೂ ಕೆಟ್ಟಿಲ್ಲ.”

ಮನೆ ತುಂಬ ನಗೆಯಾಯಿತು. ಟುಕುಮ್ಮೆಕ್ ತುಂಡನ್ನು ಎತ್ತಿಕೊಂಡಳು. ಬೆರಳಿನಲ್ಲಿ ಸೀಮೆಎಣ್ಣೆ, ಅದರ ಅಡಿಯಲ್ಲಿ ಬಾತು. ಎಷ್ಟು ಉಜ್ಜಿದರೂ ಉಗುರಿನ ಸಂದಿಯಲ್ಲಿ ಒಂದು ಪುಕ್ಕ ಉಳಿದಿತ್ತು. ಎಲ್ಲರ ಕಣ್ಣೂ ತನ್ನ ಬಾಯಿಯ ಮೇಲಿದೆ ಎಂದು ಅವಳಿಗೆ ಗೊತ್ತಿತ್ತು. ಮೂಗಿನಿಂದ ಉಸಿರೆಳೆಯದೆ, ಮುಖ ಕಿವುಚದೆ, ಅವಳು ಅದನ್ನು ಬಾಯಿಗಿಟ್ಟು ನಿಧಾನವಾಗಿ ಅಗಿದು ನುಂಗಿದಳು. ತಟ್ಟೆ ಖಾಲಿಯಾದದ್ದನ್ನು ಕಂಡು ಅತ್ತೆ ಇನ್ನೊಂದು ತುಂಡು ಕೊಯ್ಯತೊಡಗಿದಳು.